ಗುಜರಿಗೆ ಹಾಕುವ ಮೊದಲು ಒಂದು ಸಲ ಎಫ್ ಒತ್ತಿ ನೋಡಿ

ನಮ್ಮ ಕಂಪ್ಯೂಟರ್ ಲ್ಯಾಬ್‌ನ ಹಿಂದಿನ ಸಾಲಿನ ಯಂತ್ರಗಳನ್ನು ಈ ವರ್ಷದ ಪರೀಕ್ಷೆ ಮುಗಿದ ಮೇಲೆ ಗುಜರಿಗೆ ಕೊಡುವ ಮಾತು ನಡೆದಿದೆ. ಹೊಸದು ತರುವ ಮಾತೂ ಇದೆ, ಆದರೆ ಎಷ್ಟು, ಯಾವಾಗ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಆ ಸಾಲಿನ 6 ಯಂತ್ರಗಳಲ್ಲಿ 4ಕ್ಕೆ ಬಟ್ಟೆ ಮುಚ್ಚಿದೆ. ಯಾಕೆ ಎಂದು ಯಾರನ್ನು ಕೇಳಿದರೂ ಒಂದೇ ಉತ್ತರ: ‘ಕೀಬೋರ್ಡ್ ಹೊಡೀತಾ ಇಲ್ಲ, ಮೌಸ್ ಓಡ್ತಾ ಇಲ್ಲ, ಲಿನಕ್ಸ್ ಹಾಕಿದ ಮೇಲೆ ಹೀಗೇ ಆಗಿರೋದು.’ ಪರದೆ ಹೊತ್ತಿಕೊಳ್ಳುತ್ತದೆ, ಫ್ಯಾನ್ ತಿರುಗುತ್ತದೆ, ಡಿಸ್ಕ್ ಓದುತ್ತದೆ. ಕೆಟ್ಟಿರುವುದು ಬೆರಳು ತಾಗುವ ಭಾಗ ಮಾತ್ರ. ಅಷ್ಟಕ್ಕೇ ಇಡೀ ಯಂತ್ರವನ್ನು ತೂಕಕ್ಕೆ ಹಾಕುವುದು ಸರಿಯಲ್ಲ ಎಂಬುದು ನನ್ನ ವಾದ.

ಮೊದಲು ಇದರಿಂದ ಯಾರಿಗೆ ನಷ್ಟ ಎಂದು ನೋಡೋಣ. ಲ್ಯಾಬ್ ಪೀರಿಯಡ್‌ನಲ್ಲಿ ಈಗ ಒಂದು ಯಂತ್ರಕ್ಕೆ ಇಬ್ಬರು, ಕೆಲವು ದಿನ ಮೂವರು. ಒಬ್ಬರು ಟೈಪ್ ಮಾಡುತ್ತಾರೆ, ಉಳಿದವರು ನೋಡುತ್ತಾರೆ. ನೋಡಿ ಕಲಿಯುವ ವಿದ್ಯೆಯಲ್ಲ ಇದು. ಮನೆಯಲ್ಲಿ ಕಂಪ್ಯೂಟರ್ ಇರುವವರು ನಮ್ಮ ತರಗತಿಯಲ್ಲಿ ಬೆರಳೆಣಿಕೆಯಷ್ಟು. ಹುಡುಗರು ಸಂಜೆ ಬಸ್‌ಸ್ಟ್ಯಾಂಡ್ ಹತ್ತಿರದ ಸೆಂಟರ್‌ಗೆ ಹೋಗಿ ಕೂರಬಹುದು. ನನ್ನಂಥ ಹುಡುಗಿಯರಿಗೆ, ಹೊನ್ನಾಳಿ, ನ್ಯಾಮತಿ ಕಡೆಯಿಂದ ಬಸ್ಸಿಗೆ ಬರುವವರಿಗೆ, ಜಗಳೂರಿನಿಂದ ಬಂದು ಹಾಸ್ಟೆಲಿನಲ್ಲಿರುವವರಿಗೆ ಈ ಲ್ಯಾಬ್‌ನ ಕೀಬೋರ್ಡ್ ಬಿಟ್ಟರೆ ಇನ್ನೊಂದಿಲ್ಲ. ನಾಳೆ ಪಂಚಾಯಿತಿಯಲ್ಲಿ ಡೇಟಾ ಎಂಟ್ರಿ ಇರಲಿ, ಅಡಿಕೆ ಮಂಡಿಯಲ್ಲಿ ಬಿಲ್ಲಿಂಗ್ ಇರಲಿ, ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಟೈಪ್ ಮಾಡುವುದಿರಲಿ, ಕೆಲಸಕ್ಕೆ ಕರೆದವರು ಮೊದಲು ಕೇಳುವುದು ‘ಕನ್ನಡ ಟೈಪಿಂಗ್ ಬರುತ್ತಾ?’ ಎಂದೇ.

ಇನ್ನು ಕೀಬೋರ್ಡಿನ ವಿಷಯ. ನಾವು ಕನ್ನಡಕ್ಕೆ ಬಳಸುವ ಕೀಲಿ ವಿನ್ಯಾಸ ಕಿನ್ನಿಕಂಬಳ ಪದ್ಮನಾಭ ರಾವ್ ಅವರು, ಅಂದರೆ ಕೆ. ಪಿ. ರಾವ್ ಅವರು ರೂಪಿಸಿದ್ದು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ಇರುವುದು ಅದೇ, ಸರ್ಕಾರ ಒಪ್ಪಿಕೊಂಡದ್ದೂ ಅದೇ. ಅದರಲ್ಲಿ ಎಫ್ ಕೀಲಿಗೆ ಒಂದು ವಿಶೇಷ ಕೆಲಸ ಇದೆ. ಕ, ಎಫ್, ಕ ಎಂದು ಒತ್ತಿದರೆ ‘ಕ್ಕ’ ಆಗುತ್ತದೆ. ಒತ್ತಕ್ಷರ ಎಲ್ಲವೂ ಈ ಒಂದು ಕೀಲಿಯ ಮೂಲಕವೇ ಬರಬೇಕು. ಇಂಗ್ಲಿಷಿನಲ್ಲಿ ಎಫ್ ಇಲ್ಲದೆ ಎಷ್ಟೋ ವಾಕ್ಯ ಬರೆಯಬಹುದು. ಕನ್ನಡದಲ್ಲಿ ಒತ್ತಕ್ಷರ ಇಲ್ಲದೆ ಎರಡು ಸಾಲು ಬರೆಯಿರಿ ನೋಡೋಣ. ಹಾಗಾಗಿ ಕನ್ನಡ ಟೈಪ್ ಮಾಡುವ ಕೀಬೋರ್ಡುಗಳಲ್ಲಿ ಎಫ್‌ಗೆ ಬೀಳುವ ಏಟು ಇಂಗ್ಲಿಷಿನವರ ಎಫ್‌ಗೆ ಬೀಳುವುದಿಲ್ಲ. ಹಿಂದಿನ ಸಾಲಿನ ಕೊನೆಯ ಯಂತ್ರದಲ್ಲಿ ಆಗಿರುವುದು ಇಷ್ಟೇ. ಅದರಲ್ಲಿ ನಮ್ಮೂರುಗಳ ಹೆಸರು ಹೊಡೆದರೆ ಚನ್ನಗಿರಿ ‘ಚನನಗಿರಿ’, ಹೊನ್ನಾಳಿ ‘ಹೊನನಾಳಿ’, ನ್ಯಾಮತಿ ‘ನಯಾಮತಿ’. ಜಗಳೂರು ಮಾತ್ರ ಸರಿಯಾಗಿ ಬರುತ್ತದೆ, ಒತ್ತಕ್ಷರ ಇಲ್ಲವಲ್ಲ. ಜಗಳೂರಿನವರು ಬೀಗುವುದು ಬೇಡ: ಶಿಫ್ಟ್ ಹೋದರೆ ಅವರ ಊರು ‘ಜಗಲುರು’ ಆಗುತ್ತದೆ, ಏಕೆಂದರೆ ‘ಳ’ಕ್ಕೂ ದೀರ್ಘಕ್ಕೂ ಶಿಫ್ಟ್ ಬೇಕು. ಅಕೌಂಟೆನ್ಸಿಯವರ ಕಥೆ ಇನ್ನೂ ಕಷ್ಟ. ‘ಖರ್ಚು’ ಎಂಬ ಒಂದು ಪದಕ್ಕೆ ಶಿಫ್ಟೂ ಬೇಕು, ಎಫ್ಫೂ ಬೇಕು.

ಒಂದು ಕೀಲಿ ಸತ್ತ ಯಂತ್ರಕ್ಕೆ ‘ಕೀಬೋರ್ಡ್ ಕೆಟ್ಟಿದೆ’ ಎನ್ನುತ್ತೇವೆ. ಬೂಟ್ ಆದ ಮೇಲೆ ಒಂದು ಕೀಲಿಯೂ ಹೊಡೆಯದ ಯಂತ್ರಕ್ಕೂ ಅದೇ ಮಾತು. ಎರಡೂ ಬೇರೆ ಬೇರೆ ಕಾಯಿಲೆ. ಮೊದಲನೆಯದು ಪ್ಲಾಸ್ಟಿಕ್ಕಿನೊಳಗೆ ಇದೆ, ಎರಡನೆಯದು ತಂತಿಯಲ್ಲೋ, ಬೋರ್ಡಿನ ಚಿಪ್ಪಿನಲ್ಲೋ, ಲಿನಕ್ಸ್‌ನಲ್ಲೋ ಇರಬಹುದು. ಎಲ್ಲಿದೆ ಎಂದು ಹುಡುಕುವ ಕ್ರಮ ನಮಗೆ, ಅದರಲ್ಲೂ ವಾಣಿಜ್ಯ ವಿಭಾಗದವರಿಗೆ, ಹೊಸದೇನಲ್ಲ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ನಾವು ಏನು ಮಾಡುತ್ತೇವೆ? ಮೊದಲು ಕೂಡಿದ್ದು ಸರಿಯೇ ನೋಡುತ್ತೇವೆ, ಆಮೇಲೆ ವ್ಯತ್ಯಾಸ 9ರಿಂದ ಭಾಗವಾಗುತ್ತದೆಯೇ ನೋಡುತ್ತೇವೆ. ಭಾಗವಾದರೆ ಎಲ್ಲೋ 54ನ್ನು 45 ಎಂದು ಬರೆದಿರುವ ಸಾಧ್ಯತೆ ಹೆಚ್ಚು. ಏನೂ ಸಿಗದಿದ್ದರೆ ಮಾತ್ರ ಸಸ್ಪೆನ್ಸ್ ಅಕೌಂಟ್. ಲ್ಯಾಬ್‌ನಲ್ಲಿ ನಾವು ಮೊದಲ ದಿನವೇ ಸಸ್ಪೆನ್ಸ್ ಅಕೌಂಟ್ ತೆರೆದು ಅದರ ಮೇಲೆ ಬಟ್ಟೆ ಮುಚ್ಚಿದ್ದೇವೆ.

ಹಿಂದಿನ ಸಾಲಿನ ಯಂತ್ರಗಳ ಬೆನ್ನಿನಲ್ಲಿ ಎರಡು ದುಂಡು ತೂತುಗಳಿವೆ, ಒಂದು ನೇರಳೆ, ಒಂದು ಹಸಿರು. ಇದಕ್ಕೆ ಪಿಎಸ್/2 ಎಂದು ಹೆಸರು. 1987ರಲ್ಲಿ ಐಬಿಎಂ ತನ್ನ ಪರ್ಸನಲ್ ಸಿಸ್ಟಂ/2 ಯಂತ್ರಗಳ ಜೊತೆ ತಂದದ್ದರಿಂದ ಆ ಹೆಸರು. ನೇರಳೆ ಕೀಬೋರ್ಡಿಗೆ, ಹಸಿರು ಮೌಸಿಗೆ. ಎರಡಕ್ಕೂ 6 ಪಿನ್ನು, ಎರಡೂ ಒಂದೇ ಅಳತೆ. ಅದರಿಂದಾಗಿ ಇದು ಅದರೊಳಗೂ ಅದು ಇದರೊಳಗೂ ಸಲೀಸಾಗಿ ಹೋಗಿ ಕೂರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಗಡಿಬಿಡಿಯಲ್ಲಿ ತುರುಕಿದರೆ ಪಿನ್ನು ಬಗ್ಗುತ್ತದೆ. 6ರಲ್ಲಿ ಕೆಲಸಕ್ಕೆ ಬರುವುದು 4 ಪಿನ್ನು: ವಿದ್ಯುತ್ತು, ನೆಲ, ಮಾಹಿತಿ, ತಾಳ. ಅವುಗಳಲ್ಲಿ ಒಂದು ಬಗ್ಗಿದರೂ ಕೀಬೋರ್ಡ್ ಮೂಕ. ಪೆನ್ ಡ್ರೈವ್ ಹಾಗೆ ಇದನ್ನು ಯಂತ್ರ ಓಡುವಾಗ ಕಿತ್ತು ಚುಚ್ಚಬಾರದು. ಕೆಲವು ಬೋರ್ಡುಗಳಲ್ಲಿ ಈ ತಂತಿಗೆ ಒಂದು ಸಣ್ಣ ಫ್ಯೂಸ್ ಇರುತ್ತದೆ, ಅದು ಹೋದರೆ ಎಷ್ಟು ಕೀಬೋರ್ಡ್ ಬದಲಿಸಿದರೂ ಪ್ರಯೋಜನವಿಲ್ಲ. ನಮ್ಮ ಲ್ಯಾಬ್‌ನಲ್ಲಿ ಎಲ್ಲರೂ ಕರೆಂಟ್ ಇರುವಾಗಲೇ ಕಿತ್ತು ಚುಚ್ಚುವುದನ್ನು ನಾನು ದಿನಾ ನೋಡುತ್ತೇನೆ. ಪಕ್ಕದ ಯಂತ್ರದ ಮೌಸನ್ನು ಕಿತ್ತು ತಂದು ಹಾಕಿಕೊಳ್ಳುವವರಂತೂ ದಯವಿಟ್ಟು ಇದನ್ನು ಎರಡು ಸಲ ಓದಬೇಕು.

ಪವರ್ ಹಾಕಿದ ಕೂಡಲೇ ಕೀಬೋರ್ಡಿನ ಮೂರು ದೀಪ ಒಮ್ಮೆ ಮಿನುಗುತ್ತವೆಯೇ ನೋಡಿ. ಕೀಬೋರ್ಡಿನೊಳಗೂ ಒಂದು ಪುಟ್ಟ ಚಿಪ್ ಇದೆ, ತನ್ನನ್ನು ತಾನೇ ಪರೀಕ್ಷಿಸಿಕೊಂಡು ‘ನಾನು ಸರಿಯಾಗಿದ್ದೇನೆ’ ಎಂದು ಯಂತ್ರಕ್ಕೆ ಹೇಳುವ ಕ್ಷಣ ಅದು. ಮಿನುಗದಿದ್ದರೆ ವಿದ್ಯುತ್ತೇ ತಲುಪಿಲ್ಲ. ಮಿನುಗಿದರೆ ಡಿಲೀಟ್ ಒತ್ತಿ ಬಯೋಸ್‌ಗೆ ಹೋಗಿ. ಅಲ್ಲಿ ಬಾಣದ ಕೀಲಿಗಳು ಓಡಾಡುತ್ತಿದ್ದರೆ ಕೀಬೋರ್ಡ್ ಚೆನ್ನಾಗಿದೆ, ತಂತಿ ಚೆನ್ನಾಗಿದೆ, ತೂತು ಚೆನ್ನಾಗಿದೆ. ತಪ್ಪು ಇನ್ನು ಮೇಲೆ, ಲಿನಕ್ಸ್ ಕಡೆ. ಎರಡು ನಿಮಿಷದಲ್ಲಿ ಅರ್ಧ ಅನುಮಾನ ತೀರಿತು.

ಈ ಎರಡೂ ತೂತುಗಳನ್ನು ನೋಡಿಕೊಳ್ಳುವ ಚಿಪ್ಪಿನ ಹಳೆಯ ಹೆಸರು 8042. ಲಿನಕ್ಸ್‌ನಲ್ಲಿ ಅದಕ್ಕಿರುವ ಚಾಲಕ ತಂತ್ರಾಂಶದ ಹೆಸರೂ ಐ8042. ಡಿ, ಎಂ, ಇ, ಎಸ್, ಜಿ ಎಂಬ ಐದಕ್ಷರದ ಆದೇಶ ಕೊಟ್ಟರೆ ಯಂತ್ರ ಎದ್ದಾಗಿನಿಂದ ಏನೇನು ಕಂಡಿತು ಎಂಬ ದಿನಚರಿ ಬರುತ್ತದೆ. (ಕೀಬೋರ್ಡೇ ಹೊಡೆಯದಿದ್ದರೆ ಆದೇಶ ಕೊಡುವುದು ಹೇಗೆ ಎಂದರೆ, ಇದೊಂದು ಪರೀಕ್ಷೆಗೆ ಮುಂದಿನ ಸಾಲಿನ ಯುಎಸ್‌ಬಿ ಕೀಬೋರ್ಡ್ ಸಾಲ ತನ್ನಿ.) ಅದರಲ್ಲಿ ಐ8042ರ ಸಾಲು ಹುಡುಕಿ. ‘ನೋ ಕಂಟ್ರೋಲರ್ ಫೌಂಡ್’ ಎಂದಿದ್ದರೆ ಲಿನಕ್ಸ್‌ಗೆ ಚಿಪ್ಪೇ ಕಂಡಿಲ್ಲ. ಹಳೆಯ ಬಯೋಸ್ ತಪ್ಪು ಮಾಹಿತಿ ಕೊಟ್ಟಾಗ ಹೀಗಾಗುವುದುಂಟು. ಬೂಟ್ ಆಗುವಾಗ ‘ಐ8042 ಡಾಟ್ ನೊಪಿಎನ್‌ಪಿ’ ಎಂಬ ಒಂದು ಪದ ಸೇರಿಸಿದರೆ ಬಯೋಸ್ ಮಾತು ಕೇಳದೆ ತಾನೇ ಹೋಗಿ ಹುಡುಕುತ್ತದೆ. ಕೆಟ್ಟ ಮೌಸ್ ಒಂದೇ ಚಿಪ್ಪಿನಲ್ಲಿರುವ ಕೀಬೋರ್ಡನ್ನೂ ಕಟ್ಟಿಹಾಕುವುದಿದೆ. ಯಂತ್ರ ಆಫ್ ಮಾಡಿ, ಮೌಸ್ ತೆಗೆದು, ಮತ್ತೆ ಆನ್ ಮಾಡಿದಾಗ ಕೀಬೋರ್ಡ್ ಬದುಕಿದರೆ ಕಳ್ಳ ಯಾರೆಂದು ಗೊತ್ತಾಯಿತು.

ಲಿನಕ್ಸ್ ಹಾಕಿದ್ದೇ ತಪ್ಪು ಎನ್ನುವವರಿಗೆ ಇಲ್ಲೊಂದು ಮಾತು ಹೇಳಬೇಕು. ಯುನಿಕ್ಸ್ ಮನೆತನದ ವ್ಯವಸ್ಥೆಗಳಲ್ಲಿ ಮೌಸೂ ಒಂದು ಫೈಲ್. ಇದನ್ನು ಕೇಳಿದಾಗ ನನಗೆ ನಂಬಿಕೆ ಬರಲಿಲ್ಲ, ಮಾಡಿ ನೋಡಿದ ಮೇಲೆ ಬಂತು. ‘ಡೆವ್’ ಎಂಬ ಫೋಲ್ಡರಿನಲ್ಲಿ ‘ಇನ್‌ಪುಟ್’, ಅದರೊಳಗೆ ‘ಮೈಸ್’ ಎಂಬ ಫೈಲ್. ಅಡ್ಮಿನ್ ಅಧಿಕಾರದಲ್ಲಿ ‘ಕ್ಯಾಟ್’ ಎಂಬ ಆದೇಶ ಕೊಟ್ಟು ಆ ಫೈಲನ್ನು ಓದಲು ಹೇಳಿ, ಮೌಸ್ ಅಲ್ಲಾಡಿಸಿ. ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ದಬದಬ ಸುರಿಯುತ್ತವೆ. ಸುರಿದರೆ ಮೌಸ್ ಮಾತಾಡುತ್ತಿದೆ, ಕೇಳಿಸಿಕೊಳ್ಳುವವರಲ್ಲಿ ದೋಷ. ಏನೂ ಬಾರದಿದ್ದರೆ ಮೌಸೇ ಸುಮ್ಮನಿದೆ. ಬೆಕ್ಕನ್ನು ಬಿಟ್ಟು ಇಲಿ ಹುಡುಕುವುದು ಎಂದು ನಮ್ಮ ಗುಂಪಿನಲ್ಲಿ ಇದಕ್ಕೆ ಹೆಸರಿಟ್ಟಿದ್ದೇವೆ. ಹೀಗೆ ಯಂತ್ರದ ಹೊಟ್ಟೆಯೊಳಗೆ ಕಿವಿಯಿಟ್ಟು ಕೇಳುವ ಅವಕಾಶ ಇರುವುದರಿಂದಲೇ ಹಳೆಯ ಯಂತ್ರಕ್ಕೆ ಲಿನಕ್ಸ್ ಒಳ್ಳೆಯದು ಎನ್ನುವುದು.

ಮೊದಲಿನ ದಿನಗಳಲ್ಲಿ ಇದು ಇನ್ನೂ ಕಷ್ಟವಿತ್ತು. ಆಗಿನ ಮೌಸುಗಳು 9 ಪಿನ್ನಿನ ಸೀರಿಯಲ್ ತೂತಿಗೆ ಹೋಗುತ್ತಿದ್ದವು. ಯಾವ ತೂತು, ಯಾವ ಕಂಪನಿಯ ಭಾಷೆಯಲ್ಲಿ ಮಾತಾಡುವ ಮೌಸ್ ಎಂದು ಬಳಸುವವರೇ ಬರೆದುಕೊಡಬೇಕಿತ್ತು. ತಪ್ಪು ಬರೆದರೆ ಬಾಣದ ಗುರುತು ಹಾರಿಹೋಗಿ ಪರದೆಯ ಮೂಲೆ ಸೇರುತ್ತಿತ್ತು. 2003ರ ಡಿಸೆಂಬರಿನಲ್ಲಿ ಬಂದ ಲಿನಕ್ಸ್ 2.6ರ ಹೊತ್ತಿಗೆ ಎಲ್ಲ ಮೌಸುಗಳನ್ನೂ ಒಂದೇ ಬಾಗಿಲಿಂದ ಬಿಡುವ ವ್ಯವಸ್ಥೆ ಬಂತು. ಇಂದು ನಾವು ಪಡುವ ಕಷ್ಟ ಅದರ ಮುಂದೆ ಏನೂ ಅಲ್ಲ.

ಲಿನಕ್ಸ್ ಶುರುವಾದದ್ದು 1991ರಲ್ಲಿ. ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್‌ಗೆ ಆಗ 21 ವರ್ಷ. ಮಿನಿಕ್ಸ್ ಎಂಬ ಪಾಠದ ವ್ಯವಸ್ಥೆಯನ್ನು ಬಳಸುತ್ತಾ ತನ್ನದೇ ಒಂದನ್ನು ಬರೆದ. ಅದರ ಮೊದಲ ಆವೃತ್ತಿ 0.01ಕ್ಕೆ ಗೊತ್ತಿದ್ದದ್ದು ಫಿನ್ಲೆಂಡಿನ ಕೀಬೋರ್ಡ್ ಮಾತ್ರ. ಬೇರೆ ದೇಶದವರು ಬಳಸಬೇಕೆಂದರೆ ಕೀಲಿಗಳ ಪಟ್ಟಿಯನ್ನು ತಾವೇ ತಿದ್ದಿಕೊಳ್ಳಬೇಕಿತ್ತು. ತಿದ್ದಿಕೊಂಡರು, ಕಳಿಸಿದರು, ಆಮೇಲಿನ ಆವೃತ್ತಿಗಳಲ್ಲಿ ಅವು ಸೇರಿದವು. ಅಂದಹಾಗೆ ಲಿನಸ್‌ನ ಮನೆಮಾತು ಫಿನ್ನಿಷ್ ಅಲ್ಲ, ಸ್ವೀಡಿಷ್. ಊರಲ್ಲಿ ಒಂದು ಭಾಷೆ, ಮನೆಯಲ್ಲಿ ಇನ್ನೊಂದು ಎಂಬುದು ನಮ್ಮಲ್ಲಿ ಬಹಳ ಜನರಿಗೆ ಪರಿಚಯದ ವಿಷಯ.

ಇಲ್ಲೇ ನನಗೆ ತುಂಬ ಇಷ್ಟವಾದ ಸಂಗತಿ ಇರುವುದು. ಕೀಬೋರ್ಡ್ ಅಕ್ಷರವನ್ನು ಕಳಿಸುವುದೇ ಇಲ್ಲ, ಕಳಿಸುವುದು ಸಂಖ್ಯೆ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಬರುವ ಕಪ್ಪು ಪರದೆಯಲ್ಲಿ ‘ಶೋಕೀ’ ಎಂಬ ಆದೇಶ ಕೊಟ್ಟು ಒಂದೊಂದೇ ಕೀಲಿ ಒತ್ತಿ. ಎ ಎಂದರೆ 30, ಎಫ್ ಎಂದರೆ 33, ಎಡಗಡೆ ಶಿಫ್ಟ್ ಎಂದರೆ 42. 10 ಸೆಕೆಂಡು ಸುಮ್ಮನಿದ್ದರೆ ತಾನೇ ನಿಂತುಹೋಗುತ್ತದೆ. ಆ 33 ಇಂಗ್ಲಿಷಿನಲ್ಲಿ ಎಫ್, ಕನ್ನಡದ ಕಗಪ ವಿನ್ಯಾಸದಲ್ಲಿ ಒತ್ತಕ್ಷರ ಕೊಡುವ ಅರ್ಧಾಕ್ಷರದ ಚಿಹ್ನೆ, ಉರ್ದು ಫೊನೆಟಿಕ್ ವಿನ್ಯಾಸದಲ್ಲಿ ‘ಫೆ’. ಪ್ಲಾಸ್ಟಿಕ್ಕಿನ ಮೇಲೆ ಅಚ್ಚಾಗಿರುವುದು ಬರೀ ಬಣ್ಣ. ಲಿನಕ್ಸ್‌ನಲ್ಲಿ ಈ ಮೂರೂ ವಿನ್ಯಾಸಗಳು ಮೊದಲೇ ಇವೆ, ಸೆಟ್ಟಿಂಗ್‌ನಲ್ಲಿ ಆರಿಸಿಕೊಂಡರೆ ಸಾಕು. ಬರುವುದು ಯುನಿಕೋಡ್ ಅಕ್ಷರವಾದ್ದರಿಂದ ಹಳೆಯ ನುಡಿ ಫಾಂಟಿನ ಕಡತದ ಹಾಗೆ ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುವುದಿಲ್ಲ. ನಮ್ಮ ಕಾಲೇಜಿನ ಉರ್ದು ನೋಟಿಸುಗಳನ್ನು ಇಂದಿಗೂ ಕೈಯಲ್ಲಿ ಬರೆದು ಜೆರಾಕ್ಸ್ ಮಾಡಿಸುತ್ತೇವೆ. ಬರವಣಿಗೆ ಮುದ್ದಾಗಿರುತ್ತದೆ, ನಿಜ. ಆದರೆ ಮನೆಯಲ್ಲಿ ಉರ್ದು ಮಾತಾಡಿ, ತರಗತಿಯಲ್ಲಿ ಕನ್ನಡ ಓದಿ, ಪರೀಕ್ಷೆಯಲ್ಲಿ ಇಂಗ್ಲಿಷ್ ಬರೆಯುವ ನಮಗೆ ಮೂರನ್ನೂ ಒಂದೇ ಕೀಬೋರ್ಡಿನಲ್ಲಿ ಹೊಡೆಯಲು ಬಂದರೆ ಅದು ಯಾವ ಸರ್ಟಿಫಿಕೇಟಿಗೂ ಕಡಿಮೆಯಲ್ಲ. ಅದಕ್ಕೆ ಬೇಕಾದ ಯಂತ್ರ ಬಟ್ಟೆಯ ಕೆಳಗೆ ಕೂತಿದೆ.

ಶೋಕೀಯಿಂದ ಇನ್ನೊಂದು ಉಪಯೋಗ. ಕೀಲಿಗಳ ಕೆಳಗೆ ಮೂರು ತೆಳು ಪ್ಲಾಸ್ಟಿಕ್ ಹಾಳೆಗಳಿರುತ್ತವೆ, ಮೇಲಿನದರಲ್ಲೂ ಕೆಳಗಿನದರಲ್ಲೂ ಗೆರೆಗಳು. ಅಡ್ಡ ಗೆರೆ, ಉದ್ದ ಗೆರೆ ಸೇರುವ ಜಾಗದಲ್ಲಿ ಒಂದು ಕೀಲಿ, ಲೆಡ್ಜರ್ ಪುಟದ ಹಾಗೆ. ಒಂದೇ ಕೀಲಿ ಸತ್ತಿದ್ದರೆ ಅದರ ಕೆಳಗೆ ಧೂಳೋ, ಚಹಾದ ಅಂಟೋ ಇದೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕೀಲಿ ಒಟ್ಟಿಗೆ ಸತ್ತಿದ್ದರೆ ಗೆರೆಯೇ ಕಡಿದಿದೆ. ಮೊದಲನೆಯದು ಹಿಂದಿನ ಸ್ಕ್ರೂಗಳನ್ನು ಬಿಚ್ಚಿ, ಹಾಳೆಯನ್ನು ಐಸೊಪ್ರೊಪೈಲ್ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಚೆನ್ನಾಗಿ ಒಣಗಿಸಿ ಹಾಕಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಎರಡನೆಯದಕ್ಕೆ ಹೊಸ ಕೀಬೋರ್ಡೇ ಲೇಸು. ಬಾಲ್ ಇರುವ ಹಳೆಯ ಮೌಸಿಗೆ ಇಷ್ಟೂ ಬೇಡ, ಕೆಳಗಿನ ಮುಚ್ಚಳ ತಿರುಗಿಸಿ ರೋಲರಿಗೆ ಸುತ್ತಿಕೊಂಡ ಕೊಳೆಯನ್ನು ಕಿತ್ತರೆ ಆಯಿತು.

ಇದನ್ನೆಲ್ಲ ಕೇಳಿದ ಒಬ್ಬ ಸರ್ ನನಗೆ ಎರಡು ಪ್ರಶ್ನೆ ಹಾಕಿದರು. ‘ಯುಎಸ್‌ಬಿ ಕೀಬೋರ್ಡ್ ನಾನೂರು ರೂಪಾಯಿಗೆ ಸಿಗುತ್ತಮ್ಮ, ಇಷ್ಟು ಒದ್ದಾಟ ಯಾಕೆ? ನೀವು ಕಲಿಯಬೇಕಾದ್ದು ಟ್ಯಾಲಿ, ಅದು ಓಡೋದು ವಿಂಡೋಸ್‌ನಲ್ಲಿ.’ ಎರಡೂ ನ್ಯಾಯವಾದ ಪ್ರಶ್ನೆ. ಟ್ಯಾಲಿಗೆ ಮುಂದಿನ ಸಾಲಿನ ವಿಂಡೋಸ್ ಯಂತ್ರಗಳು ಬೇಕೇ ಬೇಕು, ಅವನ್ನು ಮುಟ್ಟಬೇಡಿ. ನಾನು ಕೇಳುತ್ತಿರುವುದು ಹಿಂದಿನ ಸಾಲು. ಟ್ಯಾಲಿಯನ್ನೇ ತೆಗೆದುಕೊಂಡರೂ, ಅದು ಮೌಸ್ ಮುಟ್ಟದೆ ಕೀಲಿಗಳಲ್ಲೇ ಕೆಲಸ ಮಾಡುವವರಿಗೆಂದು ಮಾಡಿದ ತಂತ್ರಾಂಶ. ಎಫ್5 ಪೇಮೆಂಟ್, ಎಫ್6 ರಿಸೀಟ್, ಎಫ್7 ಜರ್ನಲ್. ಎಫ್7 ಹೋದರೆ ಹೊಂದಾಣಿಕೆ ನಮೂದು ಹಾಕಲು ಮೆನು ಹುಡುಕುತ್ತಾ ಕೂರಬೇಕು. ಕೀಬೋರ್ಡಿನ ಆರೋಗ್ಯ ನೋಡಿಕೊಳ್ಳುವುದು ಟ್ಯಾಲಿಗೆ ಹೊರಗಿನ ವಿಷಯವೇನಲ್ಲ.

ನಾನೂರು ರೂಪಾಯಿಯ ಮಾತಿಗೆ ನನ್ನ ಉತ್ತರ ಇಷ್ಟು: ಕೆಟ್ಟಿರುವುದು ಹಾಳೆ ಎಂದು ಗೊತ್ತಾದ ಮೇಲೆ ನಾನೂರು ಖರ್ಚು ಮಾಡಿ, ತಕರಾರಿಲ್ಲ. ಗೊತ್ತಾಗುವ ಮೊದಲೇ ಮಾಡಿದರೆ, ದೋಷ ಚಿಪ್ಪಿನಲ್ಲೋ ಫ್ಯೂಸಿನಲ್ಲೋ ಇದ್ದಾಗ ಹೊಸ ಪಿಎಸ್/2 ಕೀಬೋರ್ಡೂ ಮೂಕವಾಗಿಯೇ ಇರುತ್ತದೆ. ಅಂಗಡಿಯಲ್ಲಿ ಸಿಗುವ ಅಗ್ಗದ ಹಸಿರು-ನೇರಳೆ ಅಡಾಪ್ಟರುಗಳ ಕಥೆಯೂ ಹಾಗೇ. ಅದರೊಳಗೆ ಬರೀ ತಂತಿ ಇರುತ್ತದೆ. ಕೀಬೋರ್ಡಿಗೆ ಎರಡೂ ಭಾಷೆ ಬಂದರೆ ಮಾತ್ರ ಅದು ನಡೆಯುತ್ತದೆ, ಬಾರದಿದ್ದರೆ ಅಡಾಪ್ಟರಿನ ದುಡ್ಡೂ ಹೋಯಿತು.

ಎಲ್ಲ ಯಂತ್ರವನ್ನೂ ಉಳಿಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಬೋರ್ಡಿನ ಮೇಲೆ ಕೆಪಾಸಿಟರ್ ಊದಿಕೊಂಡಿದ್ದರೆ, ಡಿಸ್ಕ್ ಕಟಕಟ ಅನ್ನುತ್ತಿದ್ದರೆ ಕಳಿಸಿಬಿಡಿ. ಆದರೆ ತಕ್ಕಡಿಯವನಿಗಲ್ಲ: 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇಂಥವು ನೋಂದಾಯಿತ ಸಂಸ್ಥೆಗಳಿಗೇ ಹೋಗಬೇಕು. 32 ಬಿಟ್ ಯಂತ್ರಗಳಿಗೆ ಹೊಸ ಲಿನಕ್ಸ್‌ಗಳು ಒಂದೊಂದಾಗಿ ಬಾಗಿಲು ಹಾಕುತ್ತಿರುವುದೂ ನಿಜ. ಆದರೂ 2023ರಲ್ಲಿ ಬಂದ ಡೆಬಿಯನ್ 12 ಅವುಗಳ ಮೇಲೆ ಕೂರುತ್ತದೆ. ಟೈಪಿಂಗ್ ಕಲಿಯಲು ಅಷ್ಟು ಧಾರಾಳ ಸಾಕು. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಎಷ್ಟೋ ವರ್ಷಗಳಿಂದ ಲಿನಕ್ಸ್‌ನಲ್ಲೇ ಕಂಪ್ಯೂಟರ್ ಕಲಿಯುತ್ತಿದ್ದಾರೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅವರಲ್ಲಿ ಸೇರಿದ್ದಾರೆ. ಅವರಿಗೆ ಆಗುವುದು ನಮಗೆ ಯಾಕಾಗಬಾರದು?

ಪ್ರಾಂಶುಪಾಲರಲ್ಲಿ ಮತ್ತು ಆಡಳಿತ ಮಂಡಳಿಯವರಲ್ಲಿ ನನ್ನ ಕೋರಿಕೆ ಸಣ್ಣದು. ಗುಜರಿಯ ತೀರ್ಮಾನವನ್ನು ಒಂದು ತಿಂಗಳು ಮುಂದೂಡಿ. ಶನಿವಾರ ತರಗತಿ ಬಿಟ್ಟ ಮೇಲೆ ಒಂದು ಗಂಟೆ ಲ್ಯಾಬ್ ತೆರೆದಿಡಿ, ಮೇಲ್ವಿಚಾರಣೆಗೆ ಲ್ಯಾಬ್ ಮೇಡಂ ಇರಲಿ. ಎರಡನೇ ಪಿಯುಸಿಯ ಇಬ್ಬರು, ಮೊದಲನೇ ಪಿಯುಸಿಯ ಇಬ್ಬರು ಸೇರಿ ಒಂದೊಂದೇ ಯಂತ್ರ ಪರೀಕ್ಷಿಸಲಿ. ಮೊದಲನೇ ವರ್ಷದವರು ಇರಲೇಬೇಕು, ನಾವು ಮಾರ್ಚ್‌ನಲ್ಲಿ ಹೊರಟುಹೋಗುತ್ತೇವೆ. ಒಂದು ರಿಜಿಸ್ಟರ್ ಇಡೋಣ: ಯಂತ್ರದ ಸಂಖ್ಯೆ, ದೀಪ ಮಿನುಗಿತೇ, ಬಯೋಸ್‌ನಲ್ಲಿ ಓಡಿತೇ, ಡಿಎಂಇಎಸ್‌ಜಿ ಏನು ಹೇಳಿತು, ಶೋಕೀಯಲ್ಲಿ ಯಾವ ಸಂಖ್ಯೆ ಬರಲಿಲ್ಲ, ಏನು ಮಾಡಿದೆವು, ಎಷ್ಟು ಖರ್ಚಾಯಿತು. ಆ ತಿಂಗಳ ಕೊನೆಗೆ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ಆ ಪುಟ ನೋಡಿ ತೀರ್ಮಾನಿಸಬಹುದು. ಸ್ಪಿರಿಟ್ ಬಾಟಲಿ, ಹತ್ತಿ, ಸ್ಕ್ರೂಡ್ರೈವರ್ ನಾವೇ ತರುತ್ತೇವೆ.

ಬರಲು ಇಷ್ಟವಿರುವವರು ಲ್ಯಾಬ್ ಬಾಗಿಲಿಗೆ ಅಂಟಿಸಿರುವ ಹಾಳೆಯಲ್ಲಿ ಹೆಸರು ಬರೆಯಿರಿ. ಕೊನೆಯ ಯಂತ್ರದ ಎಫ್ ಕೀಲಿಯಿಂದ ಶುರು ಮಾಡೋಣ ಎಂದುಕೊಂಡಿದ್ದೇವೆ, ಅದು ಬರೀ ಚಹಾ ಇರಬೇಕು ಎಂದು ನನ್ನ ಅನುಮಾನ.